ಕೆರೆಯ ಮಾತು, ಮನೆಯ ಮಾತು

ಹಲವರು ಕೂಡಿ ಮಾಡುವ ಕಾರ್ಯದಲ್ಲಿ ಹಲವರಿಗೂ ಹಕ್ಕುಂಟೆಂಬುದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಆ ಹಕ್ಕು ಯಾವುದರ ಮೇಲೆ, ಎಷ್ಟರಮಟ್ಟಿಗೆ, ಯಾರ ಸಮ್ಮತಿಯಿಂದ ಎಂಬ ಪ್ರಶ್ನೆಗಳು ಎದ್ದಾಗ ಉತ್ತರವು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಬಯಲುಸೀಮೆಯ ಜನರಿಗೆ ಈ ಪ್ರಶ್ನೆಯು ಹೊಸದೇನೂ ಅಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಹಳೆಯ ಊರುಗಳಲ್ಲಿ ಊರೆಂದರೆ ಕೆರೆ, ಕೆರೆಯೆಂದರೆ ಊರು. ಏರಿಯ ಮೇಲೆ ನಿಂತು ನೀರನ್ನು ನೋಡುವುದಕ್ಕೆ ದಾರಿಹೋಕನಿಗೂ ಅಪ್ಪಣೆ ಬೇಕಿರಲಿಲ್ಲ. ಬೆಳೆಗೆ ನೀರು ಪಡೆಯುವ ಹಕ್ಕು ಅಚ್ಚುಕಟ್ಟಿನ ರೈತರಿಗೆ ಮಾತ್ರ. ಅದೂ ಸರದಿಯ ಪ್ರಕಾರ. ತೂಬನ್ನು ಎತ್ತುವ ಕೆಲಸ ನೀರಗಂಟಿಯದು. ಯಾವ ದಿನ ಎತ್ತಬೇಕೆಂಬ ನಿರ್ಣಯವು ಊರಿನ ಹಿರಿಯರದು. ಹೀಗೆ ನೋಡುವವನು, ಬಳಸುವವನು, ಕೈಯಾಡಿಸುವವನು, ನಿರ್ಣಯಿಸುವವನು ಎಂದು ನಾಲ್ಕು ಬಗೆಯ ಹಕ್ಕುಗಳು ಒಂದೇ ನೀರಿನ ಸುತ್ತಲೂ ಇದ್ದವು. ಈ ಏರ್ಪಾಡಿನಲ್ಲಿ ಅನ್ಯಾಯವಿರಲಿಲ್ಲವೆಂದಲ್ಲ. ಜಾತಿಯ ನೆಪದಿಂದ ಕೆಲವರನ್ನು ನೀರಿನ ಬಳಿಗೇ ಬರಗೊಡದ ಊರುಗಳು ಉಂಟಷ್ಟೆ. ಆದರೂ ಎಲ್ಲರದಾದ ವಸ್ತುವೆಂದ ಮಾತ್ರಕ್ಕೆ ಎಲ್ಲರೂ ತೂಬಿಗೆ ಕೈಹಾಕಬಹುದೆಂದು ಯಾರೂ ಭಾವಿಸುತ್ತಿರಲಿಲ್ಲ.

ಈ ಸಾಮಾನ್ಯವಾದ ವಿವೇಕವನ್ನು ಓದುಬರಹ ಬಲ್ಲ ಒಬ್ಬ ಸಜ್ಜನರು ಮರೆತರು. ಅದರಿಂದಾದ ಹಾನಿಯೇ ಈ ಬರೆಹದ ವಿಷಯ.

ಅವರು ಮಧುಗಿರಿಯಲ್ಲಿ ನೆಲೆಸಿರುವ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು. ಒಂದು ಸಣ್ಣ ಸಂಘದ ಕಾರ್ಯದರ್ಶಿಗಳು. ಶಿಕ್ಷಣ ಇಲಾಖೆಯ ವಿಭಾಗದಲ್ಲಿ ಮೇಲ್ಕಂಡ ನಾಲ್ಕು ತಾಲ್ಲೂಕುಗಳೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನ್ನಿಸಿಕೊಂಡಿರುವುದು ಸರಿಯಷ್ಟೆ. ಆ ಜಿಲ್ಲೆಯ ಶಾಲೆಗಳಲ್ಲಿ ದುಡಿದವರು, ದುಡಿಯುತ್ತಿರುವವರು ಕೆಲವರು ಸೇರಿ, ತಮ್ಮ ಸೀಮೆಯ ಕೆರೆಗಳ ಕಥೆಯನ್ನು ಮುದುಕರ ಬಾಯಿಂದ ಕೇಳಿ ಬರೆದಿಡಬೇಕೆಂದು ಸಂಕಲ್ಪಿಸಿದರು. ಕಲ್ಲಿನ ಮೇಲೆ ಬರೆದುದು ಹೇಗೋ ಉಳಿದಿದೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿಯೇ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಬಾಯಿಯಲ್ಲಿರುವುದು ಬಾಯಿಯೊಡನೆಯೇ ಹೋಗುತ್ತದೆ. ಆದುದರಿಂದ ಈ ಕೆಲಸವನ್ನು ತಡಮಾಡಬಾರದೆಂದು ಅವರಿಗೆ ತೋರಿದುದು ಯುಕ್ತವೇ ಆಗಿದ್ದಿತು.

ಆದರೆ ಕೊರಟಗೆರೆಯವರು ಬರೆದುದನ್ನು ಪಾವಗಡದವರು ನೋಡುವುದು ಹೇಗೆ? ಯಾವ ಊರಿನ ಕೆಲಸ ಮುಗಿದಿದೆ, ಯಾವುದು ಉಳಿದಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ ಈ ಕಾಲದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ತಂತ್ರಾಂಶಗಳೆಂಬ ಸಾಧನಗಳುಂಟು. ಗೋಡೆಯ ಮೇಲೊಂದು ಹಲಗೆಯನ್ನು ತೂಗುಹಾಕಿ, ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿಯನ್ನು ಅಂಟಿಸಿ, ಕೆಲಸವು ಮುಂದುವರಿದಂತೆಲ್ಲ ಚೀಟಿಯನ್ನು ಎಡದಿಂದ ಬಲಕ್ಕೆ ಸರಿಸುತ್ತಾ ಹೋದರೆ ಹೇಗೋ ಹಾಗೆ; ಹಲಗೆಯು ಬೋರ್ಡ್, ಚೀಟಿಯು ಕಾರ್ಡ್. ಗೋಡೆಯ ಹಲಗೆಯನ್ನು ಕೋಣೆಗೆ ಬಂದವರು ಮಾತ್ರ ನೋಡಬಲ್ಲರು; ಇದನ್ನಾದರೋ ಶಿರಾದಲ್ಲಿ ಕುಳಿತವರೂ ಅಮೆರಿಕದಲ್ಲಿ ಕುಳಿತವರೂ ಏಕಕಾಲದಲ್ಲಿ ನೋಡಬಲ್ಲರು. ಕಿರಿಯ ಸದಸ್ಯರೊಬ್ಬರು ಇಂಥದೊಂದು ಬೋರ್ಡನ್ನು ಸಿದ್ಧಮಾಡಿ, "ಮೇಷ್ಟ್ರೇ, ಇದನ್ನು ಯಾರು ಯಾರು ನೋಡಬಹುದು ಎಂದು ಹಾಕಲಿ?" ಎಂದು ಕೇಳಿದರು. ಸದಸ್ಯರು ಮಾತ್ರ, ಸಂಘದವರೆಲ್ಲ, ಲಿಂಕ್ ಉಳ್ಳವರು ಯಾರೇ ಆಗಲಿ ಎಂದು ಮೂರು ದಾರಿಗಳಿದ್ದವು. ಕಾರ್ಯದರ್ಶಿಗಳು ಕ್ಷಣವೂ ಯೋಚಿಸದೆ, "ಮುಚ್ಚುಮರೆ ಏತಕ್ಕಪ್ಪಾ? ಊರಿನ ಕಥೆ ಊರಿನವರಿಗೆಲ್ಲಾ ಸೇರಿದ್ದು. ಎಲ್ಲರೂ ನೋಡಲಿ" ಎಂದರು.

ಈ ಮಾತನ್ನು ಅವರು ಉದಾಸೀನದಿಂದ ಆಡಿದವರಲ್ಲ. ಅದರ ಹಿಂದೆ ಒಂದು ಹಳೆಯ ನೋವಿದ್ದಿತು. ಅವರದು ಶಾನುಭೋಗರ ಮನೆತನ. ಮನೆಯ ಅಟ್ಟದಲ್ಲಿ ಒಂದು ಕಡತವು ಈಗಲೂ ಇದೆ. ಇಂದು ಕಚೇರಿಗಳಲ್ಲಿ ಕಡತವೆಂದರೆ ಕಾಗದದ ಕಟ್ಟು. ಹಿಂದೆ ಕಡತವೆಂದರೆ ಹುಣಿಸೆಬೀಜದ ಸರಿಯಲ್ಲಿ ಇದ್ದಿಲಪುಡಿಯನ್ನು ಕಲಸಿ ಬಳಿದು ಒಣಗಿಸಿದ ಕಪ್ಪು ಬಟ್ಟೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಬರೆಯುವವನೂ ಶಾನುಭೋಗ, ಓದುವವನೂ ಶಾನುಭೋಗ, ಅಳಿಸುವವನೂ ಶಾನುಭೋಗ. ಯಾರ ಹೊಲ ಯಾರ ಹೆಸರಿನಲ್ಲಿದೆಯೆಂದು ತಿಳಿಯಬೇಕಾದರೆ ರೈತನು ಜಗಲಿಯ ಕೆಳಗೆ ನಿಂತು ಕೈಮುಗಿಯಬೇಕು. ಪ್ರಾಮಾಣಿಕರಾದ ಶಾನುಭೋಗರು ಅನೇಕರಿದ್ದರು, ನಿಜ. ಆದರೆ ಒಬ್ಬನೇ ಬರೆದು ಒಬ್ಬನೇ ಓದುವ ಪುಸ್ತಕದಲ್ಲಿ ಪ್ರಾಮಾಣಿಕತೆಗೂ ಸಾಕ್ಷಿಯಿಲ್ಲ, ಮೋಸಕ್ಕೂ ಸಾಕ್ಷಿಯಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡುವ 1961ರ ಕಾನೂನು 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆಯು ಕೊನೆಗೊಂಡಿತು. ಆದರೆ ಪುಸ್ತಕವು ಸರ್ಕಾರದ ನೌಕರನಾದ ಗ್ರಾಮಲೆಕ್ಕಿಗನ ಚೀಲಕ್ಕೆ ಹೋಯಿತೇ ಹೊರತು ರೈತನ ಕಣ್ಣಿಗೆ ಬೀಳಲಿಲ್ಲ.

ಆ ಪುಸ್ತಕವು ತೆರೆದುದು 2000ದ ಸುಮಾರಿನಲ್ಲಿ, ಕರ್ನಾಟಕ ಸರ್ಕಾರದ ಭೂಮಿ ಯೋಜನೆಯಿಂದ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು. 15 ರೂಪಾಯಿ ಕೊಟ್ಟವನಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿಯು ಕೈಗೆ ಬಂದಿತು. ಈ ಯೋಜನೆಯಲ್ಲಿ ಎರಡು ಏರ್ಪಾಡುಗಳು ವಿಶೇಷವಾಗಿ ಸ್ಮರಣೀಯವಾದುವು. ಪಹಣಿಯನ್ನು ತಿದ್ದುವ ನೌಕರನು ಮೊದಲು ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ಒಪ್ಪಿಸಬೇಕು; ತಿದ್ದಿದವನು ನಾನಲ್ಲವೆಂದು ಮುಂದೆ ಅವನು ಹೇಳುವಂತಿಲ್ಲ. ಎರಡನೆಯದಾಗಿ, ಕಿಟಕಿಯ ಬಳಿ ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆಯನ್ನು ಇಟ್ಟರು. ಒಳಗೆ ಕುಳಿತವನು ಏನನ್ನು ನೋಡುತ್ತಿದ್ದಾನೋ ಅದನ್ನೇ ಹೊರಗೆ ನಿಂತವನೂ ನೋಡುತ್ತಿದ್ದನು. ತಲೆಮಾರುಗಳಿಂದ ಜಗಲಿಯ ಕೆಳಗೆ ನಿಂತಿದ್ದವನಿಗೆ ಆ ಎರಡನೆಯ ಪರದೆಯು ಎಂಥ ಗೌರವವೆಂಬುದನ್ನು ಕಾರ್ಯದರ್ಶಿಗಳು ತಮ್ಮ ಶಿಷ್ಯರಿಗೆ ಎಷ್ಟೋ ಸಲ ಬಣ್ಣಿಸಿ ಹೇಳಿದ್ದರು. ತಮ್ಮ ಮನೆತನದ ಮುಚ್ಚಿದ ಕಡತಕ್ಕೆ ಇದೇ ಪ್ರಾಯಶ್ಚಿತ್ತವೆಂದೂ ಒಮ್ಮೆ ಹೇಳಿದ್ದುಂಟು. ಮುಚ್ಚಿದುದೆಲ್ಲ ಕೆಡುಕು, ತೆರೆದುದೆಲ್ಲ ಒಳಿತು ಎಂಬ ಭಾವನೆಯು ಅವರಲ್ಲಿ ಬೇರೂರಿದುದು ಹೀಗೆ.

ಬೋರ್ಡಿನಲ್ಲಿ ಕಾರ್ಡುಗಳು ತುಂಬತೊಡಗಿದವು. ಕೊರಟಗೆರೆಯ ಕಡೆಯವರು ಜಯಮಂಗಲಿಯ ನೀರನ್ನು ಕುರಿತು ಬರೆದರು; ಶಿರಾದವರು ಮದಲೂರು ಕೆರೆಗೆ ಹೇಮಾವತಿಯ ನೀರಿಗಾಗಿ ನಡೆದ ಹೋರಾಟವನ್ನು ಬರೆದರು. ಪಾವಗಡದ ಭಾಗವನ್ನು ವಹಿಸಿಕೊಂಡವರು ಒಬ್ಬ ತರುಣ ಉಪಾಧ್ಯಾಯಿನಿ. ಆ ತಾಲ್ಲೂಕಿನ ಸುತ್ತಲೂ ಬಹುಮಟ್ಟಿಗೆ ಆಂಧ್ರಪ್ರದೇಶವೇ ಇರುವುದರಿಂದ ಅನೇಕ ಮನೆಗಳಲ್ಲಿ ಮಾತು ತೆಲುಗು, ಕಾಗದಪತ್ರ ಕನ್ನಡ. ಎರಡನ್ನೂ ಚೆನ್ನಾಗಿ ಬಲ್ಲ ಆಕೆಯು ಭಾನುವಾರಗಳಲ್ಲಿ ಬಸ್ಸು ಹಿಡಿದು ಹಳ್ಳಿಗಳಿಗೆ ಹೋಗಿ, ಮುದುಕಿಯರ ಪಕ್ಕದಲ್ಲಿ ಕುಳಿತು, ಅವರು ಹೇಳಿದುದನ್ನು ಹೇಳಿದಂತೆಯೇ ಬರೆದು ತರುತ್ತಿದ್ದರು. ಒಂದು ಅಕ್ಷರವನ್ನೂ ಬಿಡಬಾರದೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದರು.

ಹಾಗೆ ಹೇಳಿದವರಲ್ಲಿ ಒಬ್ಬಾಕೆಯು ಎಪ್ಪತ್ತೈದನ್ನು ದಾಟಿದ ವಿಧವೆ. ಆಕೆಯ ನೆನಪು ಅಪೂರ್ವವಾದುದು. ಕೆರೆ ಕೋಡಿ ಬಿದ್ದ ವರ್ಷಗಳು, ಏರಿ ಬಿರಿದ ರಾತ್ರಿ ಊರಿನವರೆಲ್ಲ ಮುಳ್ಳುಕಂಟಿ, ಮಣ್ಣು, ಬಂಡೆ ಹೊತ್ತುದು, ತೂಬಿಗೆ ಕೋಳಿ ಕೊಯ್ದುದು, ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಹೇಳಿದಳು. ಹೇಳುತ್ತಾ ಹೇಳುತ್ತಾ ಮಾತು ಕೆರೆಯನ್ನು ಬಿಟ್ಟು ಮನೆಗೆ ತಿರುಗಿತು. ಅದು ಸಹಜ. ಆಕೆಯ ಬದುಕಿನಲ್ಲಿ ಕೆರೆಯೂ ಮನೆಯೂ ಬೇರೆಯಾಗಿರಲಿಲ್ಲ.

ಆಕೆಯ ಗಂಡನು ತೀರಿಕೊಂಡುದು 1980ರ ದಶಕದಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ ಪ್ರಕಾರ ಗಂಡನ ಆಸ್ತಿಯಲ್ಲಿ ಆಕೆಗೆ ಪಾಲುಂಟು. ಆದರೆ ಕಾನೂನು ಪುಸ್ತಕದಲ್ಲಿದ್ದಿತು. ಪಹಣಿ ಇನ್ನೊಬ್ಬರ ಚೀಲದಲ್ಲಿದ್ದಿತು. ಜಮೀನೆಲ್ಲವೂ ಮೈದುನನ ಹೆಸರಿಗೆ ಹೋಯಿತು. ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ನೆನಪು ಆಕೆಗಿದೆ. ಅದರಲ್ಲಿ ಏನಿದ್ದಿತೆಂದು ಯಾರೂ ಓದಿ ಹೇಳಲಿಲ್ಲ. ಮಳೆಯಿಲ್ಲದ ಸೀಮೆಯ ಬೀಳುಹೊಲ. ಅದಕ್ಕಾಗಿ ಜಗಳವಾಡುವುದರಲ್ಲಿ ಲಾಭವಾದರೂ ಏನೆಂದು ಆಕೆ ಸುಮ್ಮನಾದಳು. ಆದರೆ ಕಾಲವು ಆ ಬೀಳುಹೊಲಕ್ಕೂ ಬೆಲೆ ತಂದಿತು. ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಪಾವಗಡದ ಸೌರ ವಿದ್ಯುತ್ ಪಾರ್ಕು ಎದ್ದಿತು. 2018ರಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವಾಟ್ ಶಕ್ತಿಯನ್ನು ಪಡೆಯಿತು. ಅಲ್ಲಿ ನೆಲವನ್ನು ಕೊಂಡುಕೊಳ್ಳಲಿಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಹೆಚ್ಚಿಸುತ್ತಾ ಹೋಗುವ ಗುತ್ತಿಗೆಯ ಮೇಲೆ ಪಡೆದರು. ಪಹಣಿಯಲ್ಲಿ ಯಾರ ಹೆಸರುಂಟೋ ಅವರಿಗೆ ಹಣ. ಹೆಸರಿಲ್ಲದವರು, ಆ ಹೊಲದಲ್ಲಿ ಎಷ್ಟು ಬೆವರು ಸುರಿಸಿದ್ದರೂ, ಬೇಲಿಯ ಹೊರಗೆ ಉಳಿದರು. ಮೈದುನನಿಗೆ ಹಣ ಬಂದಿತು.

ಆಕೆಯು ಕೊನೆಗೆ ಹೇಳಿದ ಮಾತು ಒಂದುಂಟು. ಗುತ್ತಿಗೆಯ ಹಣ ಬಂದ ಮೊದಲ ವರ್ಷವೇ ಮೈದುನನು ಕತ್ತಲಾದ ಮೇಲೆ ಬಂದು, ಹೊಸಲಿನ ಒಳಗೆ ಒಂದು ಗಂಟನ್ನು ಇಟ್ಟು, "ಅತ್ತಿಗೆ, ಇದು ನಮ್ಮ ಅಣ್ಣಂದು. ಹುಡುಗರಿಗೆ ತಿಳಿಯೋದು ಬೇಡ" ಎಂದು ಹೇಳಿ ಹೊರಟುಹೋದನಂತೆ. ಅಂದಿನಿಂದ ಪ್ರತಿ ವರ್ಷವೂ ಹಾಗೆಯೇ ನಡೆದುಬಂದಿತ್ತು. ಅವನ ಮಕ್ಕಳು ಬೆಳೆದವರು, ಲೆಕ್ಕ ಬಲ್ಲವರು. ಅವರಿಗೆ ಇದು ಗೊತ್ತಿರಲಿಲ್ಲ. ಒಮ್ಮೆ ಮಾಡಿದ ತಪ್ಪನ್ನು ಬೆಳಕಿನಲ್ಲಿ ತಿದ್ದುವ ಧೈರ್ಯವಿಲ್ಲದ ಮನುಷ್ಯನು ಕತ್ತಲಿನಲ್ಲಿ ತಿದ್ದಿಕೊಳ್ಳುತ್ತಿದ್ದನು. ಅದು ಪೂರ್ಣವಾದ ನ್ಯಾಯವಲ್ಲ. ಆದರೆ ಆಕೆಯ ಔಷಧಕ್ಕೂ ಅಕ್ಕಿಗೂ ಅದೇ ಆಧಾರ. ಅವನ ಮನಸ್ಸಿನ ನೆಮ್ಮದಿಗೂ ಅದೇ ಆಧಾರವಾಗಿದ್ದಿತೆಂದು ಊಹಿಸಬಹುದು.

ಉಪಾಧ್ಯಾಯಿನಿಯು ಇದನ್ನೆಲ್ಲ ಹೇಳಿದಂತೆಯೇ ಬರೆದು ಕಾರ್ಡಿಗೆ ಏರಿಸಿದರು. ಕಾರ್ಯದರ್ಶಿಗಳು ಓದಿ ಕಣ್ಣೀರು ತುಂಬಿಕೊಂಡು, "ಬಹಳ ಚೆನ್ನಾಗಿದೆ ತಾಯಿ" ಎಂದು ಕೆಳಗೆ ಬರೆದರು. ತರುವಾಯ ಸದಸ್ಯರೊಬ್ಬರು ಅಭಿಮಾನದಿಂದ ಬೋರ್ಡಿನ ಲಿಂಕನ್ನು ಪರಿಚಯದವರ ವಾಟ್ಸಾಪ್ ಗುಂಪಿಗೆ ಕಳುಹಿಸಿದರು. ಅಲ್ಲಿಂದ ಅದು ಆ ಊರಿನ ಗುಂಪಿಗೆ ಹೋಯಿತು. ನಮ್ಮ ಊರಿನ ಕೆರೆಯ ಕಥೆ ಬಂದಿದೆಯೆಂದು ಹುಡುಗರು ಓದಿದರು. ಮೈದುನನ ಮಕ್ಕಳೂ ಓದಿದರು. ಕಾರ್ಡಿನಲ್ಲಿ ಆಕೆಯ ಹೆಸರಿರಲಿಲ್ಲ. ಉಪಾಧ್ಯಾಯಿನಿಯು ಅಷ್ಟು ಎಚ್ಚರಿಕೆ ವಹಿಸಿದ್ದರು. ಆದರೆ ನೂರು ಮನೆಯ ಊರಿನಲ್ಲಿ ಹೆಸರಿಲ್ಲದಿದ್ದರೆ ಗುರುತು ಸಿಗುವುದಿಲ್ಲವೆಂದು ತಿಳಿಯುವುದು ಪಟ್ಟಣದವರ ಭ್ರಾಂತಿ.

ಆ ವರ್ಷ ಗಂಟು ಬರಲಿಲ್ಲ. ಮೈದುನನು ಹಗಲಿನಲ್ಲಿಯೂ ಎದುರಾಗಲಿಲ್ಲ.

ಉಪಾಧ್ಯಾಯಿನಿಯು ಮುಂದಿನ ಸಲ ಹೋದಾಗ ಮುದುಕಿಯು ಬೈಯಲಿಲ್ಲ, ಅಳಲೂ ಇಲ್ಲ. "ನಾನು ಕೆರೆ ಮಾತು ಹೇಳಕ್ಕೆ ಕೂತೆ ತಾಯಿ. ಮನೆ ಮಾತೂ ಬಂತು. ನೀನು ಕೇಳ್ತಿದ್ದೀಯ ಅಂತ ಹೇಳ್ದೆ. ಇಷ್ಟು ಜನ ಕೇಳ್ತಿದ್ದಾರೆ ಅಂತ ನಂಗೆ ಹೇಳಲಿಲ್ವಲ್ಲ" ಎಂದಳು. ಈ ಮಾತನ್ನು ಉಪಾಧ್ಯಾಯಿನಿಯು ಮಧುಗಿರಿಗೆ ಬಂದು ಕಾರ್ಯದರ್ಶಿಗಳ ಮುಂದೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಅವರು ಮೊದಲು ಮಾಡಿದ ಕೆಲಸವೆಂದರೆ ಆ ಬರೆಹವನ್ನು ಅಳಿಸಿದುದು. ಆದರೆ ಇದು ಬಳಪದಿಂದ ಬರೆದ ಕಡತವಲ್ಲ. ಇಂಥ ಸಾಧನಗಳಲ್ಲಿ ಅಳಿಸಿದ ಮಾತು ಹಿಂದಿನ ಪ್ರತಿಗಳ ಸಾಲಿನಲ್ಲಿ ಉಳಿದಿರುವುದುಂಟು. ಕಂಡವರು ಪ್ರತಿ ಮಾಡಿಕೊಂಡಿದ್ದರೆ ಅದು ಅವರ ಕೈಯಲ್ಲಿಯೂ ಉಳಿಯುತ್ತದೆ. ಎರಡನೆಯದಾಗಿ, ಇದನ್ನು ಯಾರು ಯಾರು ನೋಡಿದರೆಂದು ತಿಳಿಯಲು ಯತ್ನಿಸಿದರು. ಅದೂ ಆಗಲಿಲ್ಲ. ಯಾರು ಬರೆದರು, ಯಾರು ತಿದ್ದಿದರು ಎಂಬುದನ್ನು ಯಂತ್ರವು ಗಳಿಗೆಸಹಿತ ಹೇಳಿತು. ಲಿಂಕ್ ಹಿಡಿದು ಬಂದು ಓದಿಹೋದವರ ಹೆಜ್ಜೆಯ ಗುರುತು ಎಲ್ಲಿಯೂ ಇರಲಿಲ್ಲ. ಹಳೆಯ ಶಾನುಭೋಗನನ್ನಾದರೂ ಇಂಥವನೆಂದು ಬೆರಳೆತ್ತಿ ತೋರಿಸಬಹುದಾಗಿತ್ತು. ಇಲ್ಲಿ ಓದಿದವರು ಮುಖವಿಲ್ಲದವರು.

ತಮ್ಮಂತೆ ಎಡವಿದವರು ಬೇರೆ ಯಾರಾದರೂ ಉಂಟೆ ಎಂದು ಹುಡುಕಿದಾಗ ಅವರಿಗೆ ದೊಡ್ಡ ಜೊತೆಯೇ ದೊರೆಯಿತು. 2018ರಲ್ಲಿ ಭಾರತದ ಭದ್ರತಾ ಸಂಶೋಧಕರಾದ ಕುಶಾಗ್ರ ಪಾಠಕ್ ಎಂಬವರು, ವಿಶ್ವಸಂಸ್ಥೆಯ ನೌಕರರು ಬಳಸುತ್ತಿದ್ದ ಟ್ರೆಲ್ಲೊ ಬೋರ್ಡುಗಳೂ ಗೂಗಲ್ ದಸ್ತಾವೇಜುಗಳೂ ಯಾರು ಬೇಕಾದರೂ ನೋಡಬಹುದಾದಂತೆ ತೆರೆದಿದ್ದುದನ್ನು ಕಂಡುಹಿಡಿದರು. ಅವುಗಳಲ್ಲಿ ಪಾಸ್‌ವರ್ಡುಗಳೂ ಇದ್ದವು. ಅಲ್ಲಿ ಯಾರೂ ಬೀಗವನ್ನು ಮುರಿದಿರಲಿಲ್ಲ. ಬೀಗವನ್ನು ಹಾಕಿಯೇ ಇರಲಿಲ್ಲ. ಎಲ್ಲರಿಗೂ ತೆರೆದ ಬೋರ್ಡುಗಳನ್ನು ಹುಡುಕುಯಂತ್ರಗಳೂ ಓದಿ ಪಟ್ಟಿಗೆ ಸೇರಿಸಿಕೊಳ್ಳುತ್ತವೆ. ಆದುದರಿಂದ ವಿಳಾಸ ತಿಳಿಯದವನು ಬರಲಾರನೆಂಬ ಧೈರ್ಯಕ್ಕೂ ಆಧಾರವಿಲ್ಲ. ಆದರೆ ಜೊತೆಗಾರರು ದೊಡ್ಡವರೆಂಬುದರಿಂದ ಕಾರ್ಯದರ್ಶಿಗಳಿಗೆ ಸಮಾಧಾನವಾಗಲಿಲ್ಲ. ಪಾಸ್‌ವರ್ಡನ್ನು ಬದಲಾಯಿಸಬಹುದು, ಒಬ್ಬ ಮುದುಕಿಯ ಮಾತನ್ನು ಬದಲಾಯಿಸುವುದು ಹೇಗೆ?

ಅವರ ಚಿಂತೆಯು ಇನ್ನೂ ಒಂದು ಮೆಟ್ಟಿಲು ಕೆಳಕ್ಕೆ ಇಳಿಯಿತು. ತೆರೆಯುವುದು ತಪ್ಪಾದರೆ ಭೂಮಿ ಯೋಜನೆಯೂ ತಪ್ಪೇ? ಇಂದು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಬಲ್ಲವನು ಮನೆಯಲ್ಲಿ ಕುಳಿತೇ ಯಾರ ಪಹಣಿಯನ್ನಾದರೂ ನೋಡಬಹುದು. ಅದರ 9ನೆಯ ಅಂಕಣದಲ್ಲಿ ಸ್ವಾಧೀನದಾರನ ಹೆಸರಿದ್ದರೆ 11ನೆಯ ಅಂಕಣದಲ್ಲಿ ಅವನ ಸಾಲವೂ ಇರುತ್ತದೆ. ಸಾಲದ ಮಾತನ್ನು ನೆರೆಯವನಿಂದ ಮರೆಸಿಕೊಳ್ಳಬೇಕೆಂದು ರೈತನಿಗೆ ಅನ್ನಿಸುವುದು ಸಹಜವೇ. ಆದರೂ ಪಹಣಿಯು ತೆರೆದಿರುವುದಕ್ಕೆ ಕಾರಣವುಂಟು. ನೆಲವನ್ನು ಕೊಳ್ಳುವವನು ಮೋಸಹೋಗಬಾರದು. ಪಾಲುದಾರನಿಗೆ ತಿಳಿಯದಂತೆ ಹೆಸರು ಬದಲಾಗಬಾರದು. ಖಾತೆ ಬದಲಾಗುವ ಮುನ್ನ ನೋಟೀಸು ಹಚ್ಚಿ ತಕರಾರು ಕೇಳುವ ಪದ್ಧತಿಯೂ ಇದಕ್ಕಾಗಿಯೇ. ಅಂದು ಅಂಥ ನೋಟೀಸನ್ನು ಯಾರಾದರೂ ಓದಿ ಹೇಳಿದ್ದರೆ ಆ ವಿಧವೆಯ ಪಾಲು ಉಳಿಯುತ್ತಿದ್ದಿತು. ಆಕೆಯ ಹೊಲವು ಹೋದುದು ಪುಸ್ತಕವು ಮುಚ್ಚಿದ್ದುದರಿಂದ. ಆಕೆಯ ಅನ್ನವು ಹೋದುದು ಪುಸ್ತಕವು ತೆರೆದಿದ್ದುದರಿಂದ. ಹಾಗಾದರೆ ದೋಷವು ಮುಚ್ಚುವುದರಲ್ಲಿಯೂ ಇಲ್ಲ, ತೆರೆಯುವುದರಲ್ಲಿಯೂ ಇಲ್ಲ. ಎರಡು ಸಲವೂ ಆಕೆಯ ಬಾಳಿಗೆ ಸಂಬಂಧಪಟ್ಟುದನ್ನು ಬರೆದರು. ಎರಡು ಸಲವೂ ಆಕೆಯನ್ನು ಕೇಳಲಿಲ್ಲ. ಮೊದಲನೆಯವರು ದುರಾಸೆಯಿಂದ ಕೇಳಲಿಲ್ಲ, ಎರಡನೆಯವರು ಔದಾರ್ಯದಿಂದ ಕೇಳಲಿಲ್ಲ. ಹಾನಿಗೆ ಒಳಗಾದವಳಿಗೆ ಈ ಭೇದದಿಂದ ಪ್ರಯೋಜನವೇನು?

ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ನೆಯ ಆಗಸ್ಟ್ 24ರಂದು, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. 2023ರಲ್ಲಿ ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗೆಂದು ಪ್ರತ್ಯೇಕವಾದ ಕಾನೂನೂ ಆಯಿತು. ಸಮ್ಮತಿಯೇ ಅದರ ಮುಖ್ಯವಾದ ತಳಹದಿ. ಕಾರ್ಯದರ್ಶಿಗಳು ಪತ್ರಿಕೆಗಳಲ್ಲಿ ಇವೆರಡನ್ನೂ ಓದಿದ್ದರು, ಮೆಚ್ಚಿದ್ದರು. ಆದರೆ ಆ ತತ್ತ್ವವು ದೆಹಲಿಗೆ, ದೊಡ್ಡ ಕಂಪೆನಿಗಳಿಗೆ, ಸರ್ಕಾರಗಳಿಗೆ ಸಂಬಂಧಪಟ್ಟುದೆಂದು ಭಾವಿಸಿದ್ದರೇ ಹೊರತು, ಹನ್ನೆರಡು ಮಂದಿಯ ತಮ್ಮ ಸಂಘದ ಬೋರ್ಡಿಗೂ ಅದು ಅನ್ವಯಿಸುವುದೆಂದು ಅವರಿಗೆ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಅವರು ಉಪಾಧ್ಯಾಯಿನಿಯೊಡನೆ ತಾವೇ ಆ ಊರಿಗೆ ಹೋದರು. ಮುದುಕಿಯ ಮುಂದೆ ಕೈಮುಗಿದು, "ತಪ್ಪು ನನ್ನದಮ್ಮ, ಈ ಹುಡುಗಿಯದಲ್ಲ" ಎಂದರು. ಆಕೆಯು ಚಾಪೆ ಹಾಸಿ, ಕುಡಿಯಲು ನೀರು ಕೊಟ್ಟಳು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ದೊರೆಯುವುದೆಂದೂ, 1987ರ ಕಾನೂನಿನಲ್ಲಿಯೇ ಅದಕ್ಕೆ ಅವಕಾಶವಿದೆಯೆಂದೂ, ಪಾಲನ್ನು ಕೇಳುವುದಾದರೆ ತಾವು ಜೊತೆಯಲ್ಲಿ ಬರುವುದಾಗಿಯೂ ಕಾರ್ಯದರ್ಶಿಗಳು ತಿಳಿಸಿದರು. ಆಕೆಯು ಸ್ವಲ್ಪ ಹೊತ್ತು ಯೋಚಿಸಿ, "ಅದನ್ನೂ ನೀವೇ ಶುರು ಮಾಡಬೇಡಿ ಸ್ವಾಮಿ. ನಾನು ಹೇಳ್ತೀನಿ, ಆಗ ಬನ್ನಿ" ಎಂದಳು. ಕಾರ್ಯದರ್ಶಿಗಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಾಗಿರಲಿಲ್ಲ. ಒಳ್ಳೆಯದನ್ನು ಮಾಡುವ ಆತುರವೂ ಇನ್ನೊಬ್ಬರ ತೂಬಿಗೆ ಕೈಹಾಕುವ ಆತುರವೇ ಆಗಬಹುದು.

ಅನಂತರ ಸಂಘದವರು ಸೇರಿ ಕೆಲವು ನಿಯಮಗಳನ್ನು ಮಾಡಿಕೊಂಡರು. ಅವು ಬಹು ಸರಳವಾದುವು. ಬೋರ್ಡು ಸದಸ್ಯರಿಗೆ ಮಾತ್ರ ಕಾಣಬೇಕು; ಕೆಲಸ ಮುಗಿಸಿ ಸಂಘವನ್ನು ಬಿಟ್ಟವರ ಪ್ರವೇಶವನ್ನು ಅಂದೇ ತೆಗೆಯಬೇಕು; ಏಕೆಂದರೆ ಹೊರಟುಹೋದವನ ಕೈಯಲ್ಲಿ ಬೀಗದ ಕೈ ಉಳಿಯುವುದು ಇಂಥ ಸಾಧನಗಳಲ್ಲಿ ನಿತ್ಯದ ಮರೆವು. ಓದುವವರು, ಟಿಪ್ಪಣಿ ಬರೆಯುವವರು, ತಿದ್ದುವವರು ಎಂದು ಬೇರೆ ಬೇರೆ ಮಾಡಬೇಕು. ಬೇರೆಯವರನ್ನು ಒಳಕ್ಕೆ ಕರೆಯುವ ಅಧಿಕಾರವು ಇಬ್ಬರಲ್ಲಿ ಮಾತ್ರ ಇರಬೇಕು. ಊರಿನ ಮಾತಿಗೆ ಒಂದು ಕಾರ್ಡು. ಮನೆಯ ಮಾತು ಬಂದರೆ ಅದು ಬರೆದುಕೊಂಡವರ ಪುಸ್ತಕದಲ್ಲಿಯೇ ಉಳಿಯಬೇಕು. ಪ್ರಕಟವಾಗಲಿರುವ ಪ್ರತಿಯೊಂದು ಬರೆಹವನ್ನೂ ಹೇಳಿದವರ ಮುಂದೆ ಕುಳಿತು, ಅವರ ಭಾಷೆಯಲ್ಲಿಯೇ, ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು. ಈ ಕೊನೆಯ ನಿಯಮಕ್ಕೆ ಕಾರ್ಯದರ್ಶಿಗಳು ಇಟ್ಟ ಹೆಸರು "ಎರಡನೆಯ ಪರದೆ". ಭೂಮಿಯ ಕಿಟಕಿಯಲ್ಲಿ ರೈತನ ಕಡೆಗೆ ತಿರುಗಿದ್ದ ಪರದೆಯನ್ನು ಅವರು ಅಷ್ಟು ವರ್ಷ ಹೊಗಳಿದ್ದರು. ತಮ್ಮ ಬೋರ್ಡಿನಲ್ಲಿ ಲೋಕಕ್ಕೆಲ್ಲ ಪರದೆಯಿಟ್ಟು, ಮಾತಿನ ಒಡತಿಗೆ ಮಾತ್ರ ಇಡುವುದನ್ನು ಮರೆತಿದ್ದರು.

ಈ ನಿಯಮಗಳಿಂದ ಕೆಲಸವು ನಿಧಾನವಾಯಿತು. ಮುಗಿದಿದ್ದ ಕಾರ್ಡುಗಳು ಮತ್ತೆ ಎಡಕ್ಕೆ ಸರಿದವು. ಕೆಲವರು ಒಪ್ಪಿಗೆಯನ್ನು ಕೊಡಲಿಲ್ಲ. ಒಳ್ಳೆಯ ಕಥೆಗಳು ಕೆಲವು ಕೈಬಿಟ್ಟುಹೋದವು. ಹಿಂದಿನ ಉತ್ಸಾಹವಿದ್ದಿದ್ದರೆ ಪುಸ್ತಕವು ಇಷ್ಟರಲ್ಲಿ ಅಚ್ಚಿಗೆ ಹೋಗಿರುತ್ತಿದ್ದಿತೆಂದು ಸದಸ್ಯರೊಬ್ಬರು ಆಕ್ಷೇಪಿಸಿದಾಗ ಕಾರ್ಯದರ್ಶಿಗಳು ವಾದಿಸಲಿಲ್ಲ. "ಕೇಳಿ ಬರೆದಷ್ಟೇ ನಮ್ಮದಪ್ಪಾ" ಎಂದು ಹೇಳಿ ಮುಂದಿನ ಕೆಲಸವನ್ನು ಎತ್ತಿಕೊಂಡರು.

ಪಾವಗಡದ ಆ ಕಾರ್ಡನ್ನು ಉಪಾಧ್ಯಾಯಿನಿಯು ಮುದುಕಿಯ ಎದುರಿಗೆ ಕುಳಿತು ತೆಲುಗಿನಲ್ಲಿ ಓದಿ ಹೇಳಿದರು. ಆಕೆಯು ಕಣ್ಣು ಮುಚ್ಚಿಕೊಂಡು ಕೇಳುತ್ತಾ, ಒಂದೊಂದು ವಾಕ್ಯಕ್ಕೂ "ಇದು ಇರಲಿ", "ಇದು ಬೇಡ" ಎಂದು ನಿರ್ಣಯ ಕೊಟ್ಟಳು. ಏರಿ ಬಿರಿದ ರಾತ್ರಿ ಉಳಿಯಿತು. ತೂಬಿನ ಕೋಳಿ ಉಳಿಯಿತು. ಕೋಡಿಯ ವರ್ಷಗಳು ಉಳಿದವು. ಮನೆಯ ಮಾತು ಯಾವುದೂ ಉಳಿಯಲಿಲ್ಲ. ಈಗ ಹೇಳಿರುವ ಇಷ್ಟು ಸಂಗತಿಯೂ ಆಕೆಯು ಕೇಳಿ, ಊರಿನ ಗುರುತು ಸಿಗದಂತೆ ಬರೆಯಬಹುದೆಂದು ಒಪ್ಪಿದ ಮೇಲೆಯೇ ಇಲ್ಲಿಗೆ ಬಂದಿದೆ. ಪಾಲಿನ ವಿಷಯವಾಗಿ ಆಕೆಯಿಂದ ಕರೆ ಇನ್ನೂ ಬಂದಿಲ್ಲ. ಕಾರ್ಯದರ್ಶಿಗಳು ಅದಕ್ಕಾಗಿ ಕಾದಿದ್ದಾರೆ, ತಾವಾಗಿ ಕೇಳುವುದಿಲ್ಲ.